ಕನ್ನಡಿಯೊಳಗಿನ ಹಳ್ಳ

ಆ ಬಡಾವಣೆಯ ಹಿಂದೆ ಹರಿಯುವ ಹಳ್ಳವನ್ನು ನೀವು ನೋಡಿರಲಾರಿರಿ. ನೋಡಿದ್ದರೂ ಅದು ಹಳ್ಳ ಎಂದು ನಿಮಗೆ ಹೊಳೆದಿರಲಾರದು. ಬೇಸಿಗೆಯಲ್ಲಿ ಅದನ್ನು ದಾಟಲು ಹೆಜ್ಜೆ ಹಾಕಬೇಕಿಲ್ಲ, ದಾಟಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ಆಚೆ ದಡದಲ್ಲಿರುತ್ತೀರಿ. ಆದರೆ ದಡದ ಮೇಲಿನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು ಕೇಳಿದವರಿಗೆ ಅದು ಸಮುದ್ರದ ಸೋದರಮಾವ.

ಅದರ ಹುಟ್ಟು ನೀರಿನ ಟ್ಯಾಂಕಿನ ಹಿಂದಿರುವ ಹಳೇ ಕಲ್ಲುಕ್ವಾರಿಯ ಹೊಂಡದಲ್ಲಿ. ಅಲ್ಲಿಂದ ಜಿನುಗಿ, ಯಾರಿಗೂ ತೊಂದರೆ ಕೊಡಬಾರದು ಎನ್ನುವವರ ಹಾಗೆ ಬೇಲಿ ಬದಿಯಲ್ಲೇ ನಡೆದು, ಗ್ಯಾರೇಜಿನ ಹಿಂದೆ ಒಂದಿಷ್ಟು ಎಣ್ಣೆ ಬಳಿದುಕೊಂಡು ಮೈಮೇಲೆ ಕಾಮನಬಿಲ್ಲು ಮೂಡಿಸಿಕೊಂಡು, ಶಾಲೆಯ ಕಾಂಪೌಂಡಿನ ಬುಡದಲ್ಲಿ ಮಕ್ಕಳು ಕಳೆದುಕೊಂಡ ಚೆಂಡುಗಳನ್ನೆಲ್ಲ ಆರಿಸಿಕೊಂಡು, ಕ್ಷೌರದಂಗಡಿಯ ಬೆನ್ನ ಹಿಂದೆ ಬರುವ ಹೊತ್ತಿಗೆ ಅದಕ್ಕೆ ಸ್ವಲ್ಪ ಮೈ ಬಂದಿರುತ್ತದೆ. ಅಲ್ಲೊಂದು ಕಾಲುಸೇತುವೆ. ಸೇತುವೆಯ ಅಕ್ಕಪಕ್ಕ ಎರಡೂ ಕಡೆ ಒಂದೇ ಥರದ ಕೆಮ್ಮಣ್ಣಿನ ದಡ, ದಡದಿಂದ ಇಳಿಬಿದ್ದ ಹುಲ್ಲು. ಆಮೇಲೆ ಅದು ಜೊಂಡಿನೊಳಗೆ ನುಗ್ಗಿ, ರೈಲುಹಳಿಯ ಕೆಳಗಿನ ಕೊಳವೆಯಲ್ಲಿ ತೂರಿ, ಬಡ ನೆಂಟ ಮದುವೆಮನೆಗೆ ಹಿತ್ತಿಲ ಬಾಗಿಲಿನಿಂದ ಹೋಗುವಂತೆ ದೊಡ್ಡ ನದಿಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ಈ ಹಳ್ಳಕ್ಕೆ ಒಬ್ಬ ಯಜಮಾನನಿದ್ದ. ಕಾಗದಪತ್ರದಲ್ಲಿ ಅಲ್ಲ, ಬಾಯಲ್ಲಿ. ಕ್ಷೌರಿಕನನ್ನು ಬಡಾವಣೆಯೆಲ್ಲ ಕರೆಯುತ್ತಿದ್ದದ್ದೇ ಹಳ್ಳದ ಯಜಮಾನ ಎಂದು. ಮೊದಲು ಯಾರೋ ಚೇಷ್ಟೆಗೆ ಕರೆದರು, ಅವನು ಅದನ್ನು ಬಿರುದು ಎಂದು ತೆಗೆದುಕೊಂಡ. ಅಲ್ಲಿಂದಾಚೆ ಅದು ಬಿರುದೇ ಆಯಿತು.

ಹಳ್ಳದಲ್ಲಿ ಇಲ್ಲದ್ದು ಏನೂ ಇರಲಿಲ್ಲ, ಅವನು ಹೇಳುವಾಗ. ಅಲ್ಲೊಂದು ಬೆಳ್ಳಕ್ಕಿ. ಅದು ಒಂಟಿಕಾಲಲ್ಲಿ ಎಷ್ಟು ಹೊತ್ತು ನಿಲ್ಲುತ್ತಿತ್ತೆಂದರೆ ಒಮ್ಮೆ ಜೇಡ ಅದರ ಕಾಲಿಗೂ ಜೊಂಡಿಗೂ ಬಲೆ ಕಟ್ಟಿ, ನೊಣ ಹಿಡಿದು, ತಿಂದು ಮುಗಿಸಿತಂತೆ, ಬೆಳ್ಳಕ್ಕಿ ಮಿಸುಕಲಿಲ್ಲವಂತೆ. ಒಂದು ಆಮೆ ಗ್ಯಾರೇಜಿನವರು ಎಸೆದ ಟೈರಿನ ಮೇಲೆ ಬಿಸಿಲು ಕಾಯಿಸುತ್ತಿತ್ತು. ಅದಕ್ಕೆ ವಯಸ್ಸು ಎಷ್ಟೆಂದರೆ, ಹಳ್ಳ ಹುಟ್ಟಿದಾಗ ನಾಮಕರಣಕ್ಕೆ ಬಂದದ್ದು ಹಾಗೇ ಉಳಿದುಕೊಂಡಿದೆ ಎನ್ನುತ್ತಿದ್ದ. ಜೊಂಡಿನಲ್ಲಿ ವಾಸಿಸುವ ಹುಂಡುಕೋಳಿ ಮರಿಗಳನ್ನು ಸಾಲಾಗಿ ನಡೆಸುವಾಗ ಕೊನೆಯದು ತಪ್ಪಿಸಿಕೊಂಡರೆ ತಾಯಿ ಬೈಯುವ ಮಾತು ತನಗೆ ಅರ್ಥವಾಗುತ್ತದೆ, ಹೆಂಗಸರ ಮುಂದೆ ಹೇಳುವಂಥದ್ದಲ್ಲ ಎಂದು ಬಿಟ್ಟಿದ್ದೇನೆ ಎನ್ನುತ್ತಿದ್ದ. ನೀರುಹಾವು, ಏಡಿ, ನೀರಿನ ಮೇಲೆ ಕಾಲು ನೆನೆಯದಂತೆ ಓಡಾಡುವ ಹುಳ, ಎಲ್ಲರ ಮನೆವಾರ್ತೆಯೂ ಅವನಿಗೆ ಗೊತ್ತು.

ಇದನ್ನೆಲ್ಲ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಹೇಗೆ ಅಲ್ಲಗಳೆದಾರು? ಕಥೆ ಶುರುವಾಗುತ್ತಿದ್ದದ್ದೇ ಕತ್ತಿ ಗಂಟಲ ಮೇಲೆ ಬಂದಾಗ. ಆ ಸ್ಥಿತಿಯಲ್ಲಿ ಬುದ್ಧಿಯಿರುವ ಯಾವನೂ ತಲೆ ಅಲ್ಲಾಡಿಸುವುದಿಲ್ಲ. ಹೀಗೆ ಹಲವಾರು ವರ್ಷ ಯಾರ ವಿರೋಧವೂ ಇಲ್ಲದೆ ಆಯ್ಕೆಯಾಗುತ್ತ ಬಂದ ಯಜಮಾನ ಅವನು.

ಆದರೆ ಒಂದು ಸಂಗತಿಯಿತ್ತು. ಯಜಮಾನ ಹಳ್ಳವನ್ನು ನೋಡುತ್ತಿದ್ದದ್ದು ಕನ್ನಡಿಯಲ್ಲಿ. ಅಂಗಡಿಯ ಬೀದಿ ಕಡೆ ಗೋಡೆಗೆ ಆಳೆತ್ತರದ ಕನ್ನಡಿ, ಹಳ್ಳದ ಕಡೆ ಗೋಡೆಗೆ ಅಗಲವಾದ ಕಿಟಕಿ. ಅವನು ಕನ್ನಡಿಗೆ ಮುಖ, ಹಳ್ಳಕ್ಕೆ ಬೆನ್ನು ಮಾಡಿ ನಿಲ್ಲಬೇಕು. ಕೆಲಸದ ನಡುವೆ ತಿರುಗಿ ನೋಡಿದರೆ ಗಿರಾಕಿಯ ಕಿವಿ ಹೋದೀತು. ಗಿರಾಕಿ ಇಲ್ಲದಾಗ ಅವನೇ ಆ ಕುರ್ಚಿಯಲ್ಲಿ ಕನ್ನಡಿ ನೋಡುತ್ತ ಜೂಗರಿಸುತ್ತಿದ್ದ. ಸಂಜೆ ಬೀಗ ಹಾಕಿ ಬೀದಿಬಾಗಿಲಿನಿಂದ ಮನೆಗೆ. ಹಳ್ಳದ ಹತ್ತಿರ ಹೋದರೆ ಚಪ್ಪಲಿಗೆ ಕೆಸರು, ಮೂಗಿಗೆ ವಾಸನೆ. ಒಟ್ಟಿನಲ್ಲಿ ಹಳ್ಳದ ಯಜಮಾನ ಹಳ್ಳದ ದಡ ತುಳಿದವನೇ ಅಲ್ಲ. ಬೇರೆಯವರು ಟ್ಯಾಂಕಿನ ಕಡೆ, ರೈಲಿನ ಕಡೆ ಎಂದು ದಿಕ್ಕು ಹೇಳಿದರೆ, ಅವನಿಗೆ ಪ್ರಪಂಚವೆಲ್ಲ ಎರಡೇ ಪಾಲು: ಎಡಗೆನ್ನೆ, ಬಲಗೆನ್ನೆ. ಕನ್ನಡಿಯತ್ತ ಕತ್ತರಿ ಚಾಚಿ, ಸೇತುವೆಯ ಬಲಕ್ಕೆ ನೋಡಿ, ಎಡಕ್ಕೆ ನೋಡಿ ಎಂದು ತೋರಿಸುವುದು ಅವನ ಪದ್ಧತಿ.

ಈ ಸುಖದ ಸಂಸಾರಕ್ಕೆ ಕಲ್ಲು ಬಿದ್ದದ್ದು ಭಾಮೈದನಿಂದ. ಹೆಂಡತಿಯ ತಮ್ಮ, ಟೈಲರು. ಹಳೆಯ ಕಡೆ ಕಟ್ಟಡದ ಮಾಲೀಕರು ಅಂಗಡಿ ಬಿಡಿಸಿದಾಗ ಅಕ್ಕನ ಹತ್ತಿರ ಬಂದು ತಲೆ ಕೆರೆದುಕೊಂಡು ನಿಂತಿದ್ದ. ಆಚೆ ದಡದಲ್ಲೊಂದು ಕೋಣೆ ಖಾಲಿಯಿದೆ, ನೋಡು ಎಂದು ಹೇಳಿದವನು ಸ್ವತಃ ಯಜಮಾನನೇ. ಕೈಯಾರೆ ಚೇಳು ತಂದು ದಿಂಬಿನ ಕೆಳಗೆ ಇಟ್ಟುಕೊಂಡ ಹಾಗಾಯಿತು. ಭಾಮೈದ ಬೆಳಕು ಬೇಕೆಂದು ಹೊಲಿಗೆ ಮಿಷನ್ನನ್ನು ಕಿಟಕಿಗೇ ಒತ್ತಿಸಿ ಇಟ್ಟುಕೊಂಡ. ಕಿಟಕಿಯ ಎದುರು ಹಳ್ಳ. ಭಾವ ಬೆನ್ನು ಕೊಟ್ಟು ಕನ್ನಡಿಯಲ್ಲಿ ಕದ್ದು ನೋಡುತ್ತಿದ್ದದ್ದನ್ನು ಇವನು ದಿನವಿಡೀ ಮುಖಾಮುಖಿ ಕೂತು ಪುಕ್ಕಟೆಯಾಗಿ ನೋಡತೊಡಗಿದ.

ಅಷ್ಟಾದರೂ ಸಹಿಸಬಹುದಿತ್ತು. ಹೊಲಿದ ಬಟ್ಟೆ ನೇತುಹಾಕಲು ಭಾಮೈದ ಕಿಟಕಿಯಾಚೆ ಒಂದು ಕಬ್ಬಿಣದ ಸರಳು ಚಾಚಿಸಿದ್ದ. ಒಂದು ಬೆಳಿಗ್ಗೆ ಅದರ ಮೇಲೆ ಮಿಂಚುಳ್ಳಿ ಬಂದು ಕೂತಿತು. ನೀಲಿ ಅಂದರೆ ಎಂಥ ನೀಲಿ. ಅದನ್ನು ನೋಡಿದ ಆಕಾಶ ನಾಚಿ ಮೋಡ ಹೊದ್ದುಕೊಂಡಿತಂತೆ. ಸರಳಿನಿಂದ ಕಲ್ಲಿನ ಹಾಗೆ ನೀರಿಗೆ ಬಿದ್ದು, ಮೀನಿನೊಂದಿಗೆ ಎದ್ದು ಬಂದು, ಮತ್ತೆ ಅದೇ ಸರಳಿನ ಮೇಲೆ ಕೂತು, ಮೀನನ್ನು ಕಬ್ಬಿಣಕ್ಕೆ ಪಟಪಟ ಬಡಿಯಿತು. ಮಿಷನ್ನಿನಿಂದ ಕೈಯಳತೆಯ ದೂರ. ಮಾರನೆಯ ದಿನವೂ ಬಂತು. ಆಮೇಲೆ ಅದು ಭಾಮೈದನ ಅಂಗಡಿಗೆ ಕೆಲಸಕ್ಕೆ ಸೇರಿದ ಹಾಗೆ ಹೊತ್ತಿಗೆ ಸರಿಯಾಗಿ ಬರತೊಡಗಿತು.

ಬಡಾವಣೆಯವರಿಗೆ ಇಷ್ಟೇ ಸಾಕಾಯಿತು. ಗುಂಡಿ ಬಿಗಿಯಾಗಿದ್ದವರೂ ಗುಂಡಿ ಕಿತ್ತುಕೊಂಡು ಟೈಲರ ಹತ್ತಿರ ಹೋದರು. ಪ್ಯಾಂಟು ಉದ್ದವಾಯಿತು ಎಂದು ಗಿಡ್ಡ ಮಾಡಿಸಿ, ಗಿಡ್ಡವಾಯಿತು ಎಂದು ಉದ್ದ ಮಾಡಿಸಿದರು. ಅಲ್ಲಿಂದ ಕ್ಷೌರದಂಗಡಿಗೆ ಬಂದು ಕುರ್ಚಿಯಲ್ಲಿ ಕೂತು, ಕತ್ತಿ ಗಂಟಲಿಗೆ ಬರುವ ಮೊದಲೇ ಅವಸರದಲ್ಲಿ ಹೇಳಿಬಿಡುತ್ತಿದ್ದರು: ಕಂಡೆ ಯಜಮಾನ್ರೇ, ಹತ್ತಿರದಿಂದ ಕಂಡೆ, ಕಣ್ಣು ಮಿಟುಕಿಸಿದ್ದು ಸಮೇತ ಕಂಡೆ.

ಯಜಮಾನನ ಹೊಟ್ಟೆಯೊಳಗೆ ಕಿಚ್ಚು ಹತ್ತಿದ್ದು ಆವಾಗ. ಆ ಕಿಚ್ಚಿನ ಮೇಲೆ ತಂಬಿಗೆ ಇಟ್ಟಿದ್ದರೆ ಅಂಗಡಿಗೆ ಬೇಕಾದ ಬಿಸಿನೀರು ಕಾಯುತ್ತಿತ್ತು, ಸ್ಟೋವಿನ ಖರ್ಚು ಉಳಿಯುತ್ತಿತ್ತು. ಅವನೂ ಕಿಟಕಿಯಾಚೆ ಒಂದು ಬಿದಿರಿನ ಗಳು ಕಟ್ಟಿಸಿದ. ಮೊದಲ ದಿನ ಕಾಗೆ ಬಂತು. ಎರಡನೆಯ ದಿನ ಹೆಂಡತಿಯನ್ನು ಕರೆತಂದಿತು. ಆಮೇಲೆ ಅತ್ತೆಮನೆಯವರೂ ಬಂದು ಕಾಯುವ ಬೆಂಚಿನ ಮೇಲೆ ಕೂತವರ ಅಂಗಿಗೆಲ್ಲ ಸಹಿ ಹಾಕಿಹೋದರು. ಗಳು ಕಿತ್ತು, ಬೋಗುಣಿಯಲ್ಲಿ ಪುಟ್ಟ ಮೀನು ಬಿಟ್ಟು ಕಿಟಕಿಯ ಮೇಲಿಟ್ಟ. ಮಿಂಚುಳ್ಳಿ ಈ ಕಡೆ ಕಣ್ಣೆತ್ತಲಿಲ್ಲ, ಬಡಾವಣೆಯ ಬೆಕ್ಕುಗಳು ಮಾತ್ರ ಮೈಕೈ ತುಂಬಿಕೊಂಡವು.

ರಾತ್ರಿ ಊಟಕ್ಕೆ ಕೂತಾಗ ಅವನು ತುತ್ತಿಗೊಂದು ಸಲ ಭಾಮೈದನ ಸುದ್ದಿ ಎತ್ತುವನು. ಅವನ ಮಿಷನ್ನಿನ ಸದ್ದಿಗೆ ಕಪ್ಪೆಗಳು ಕಿವುಡಾಗಿವೆ ಎನ್ನುವನು. ಅವನು ಎಸೆಯುವ ದಾರದ ತುಂಡಿನಿಂದ ಏಡಿಯ ಕಾಲು ಗಂಟುಬಿದ್ದಿದೆ ಎನ್ನುವನು. ಹೆಂಡತಿ ಕೇಳಿ ಕೇಳಿ ಸಾಕಾಗಿ ಒಂದು ದಿನ ಸೌಟು ಕೆಳಗಿಟ್ಟಳು.

"ಅಲ್ರೀ, ಅವನೇನು ಹಕ್ಕೀನ ಕರೆದನಾ? ಅದರ ಪಾಡಿಗೆ ಅದು ಬಂದು ಕೂತ್ಕೊಳ್ತು."

"ಕರೀದೇನೇ ಬರತ್ತಲ್ಲ, ಅದೇ ಕಣೇ ನನ್ನ ಸಂಕಟ. ಕರೆದ್ರೆ ಬರೋದಾಗಿದ್ರೆ ನಾನೂ ಕರೀತಿದ್ದೆ."

"ನನ್ನ ತಮ್ಮ ಅಂತ ಹೇಳ್ತಿಲ್ಲ. ಅವನು ಬಾಯಿ ಮುಚ್ಕೊಂಡು ಕೂತಿರ್ತಾನೆ, ಹಕ್ಕಿ ಬರತ್ತೆ. ನೀವು ಮಾತಾಡ್ತಾ ಇರ್ತೀರಿ, ಕಾಗೆ ಬರತ್ತೆ."

ಅವತ್ತು ಅವನು ಮಜ್ಜಿಗೆಗೂ ಕಾಯದೆ ಎದ್ದ.

ಅಷ್ಟರಲ್ಲಿ ಅವನಿಗೂ ಒಂದು ಕಾಲ ಬಂತು. ಗಿರಾಕಿಯ ಮೀಸೆ ಸರಿಮಾಡುತ್ತಿದ್ದಾಗ ಕನ್ನಡಿಯಲ್ಲಿ ನೀಲಿಯೊಂದು ಸರ್ರನೆ ಹಾದು, ಸೇತುವೆಯ ಪಕ್ಕ ಆಚೆ ದಡದ ಹುಲ್ಲಿನೊಳಗೆ ಮಾಯವಾಯಿತು. ಕೊಕ್ಕಿನಲ್ಲಿ ಮೀನಿತ್ತು. ಮತ್ತೆ ಹೊರಬಂದಾಗ ಇರಲಿಲ್ಲ. ತಿನ್ನದೆ ಯಾರಿಗೋ ಕೊಟ್ಟು ಬಂದಿದೆ ಅಂದರೆ ಒಳಗೆ ಮರಿಗಳಿವೆ. ಮಿಂಚುಳ್ಳಿ ಮಣ್ಣಿನ ದಡದಲ್ಲಿ ಬಿಲ ತೋಡಿ ಗೂಡು ಮಾಡುವ ಹಕ್ಕಿ. ಇದನ್ನು ಬಡಾವಣೆಯಲ್ಲಿ ಮೊದಲು ಕಂಡವನು ಅವನೇ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಅವನ ಬಾಳಿನಲ್ಲಿ ಉತ್ಪ್ರೇಕ್ಷೆ ಇಲ್ಲದ ಮಾತು ಅದೊಂದೇ ಇದ್ದೀತು. ಮೀಸೆಯ ಒಂದು ತುದಿ ಹಾಗೇ ಬಿಟ್ಟು, ಕತ್ತರಿ ಚಾಚಿ, ಸೇತುವೆಯ ಬಲಕ್ಕೆ ಗೂಡು ಮಾಡಿದೆ ಎಂದು ಸಾರಿದ. ಸಂಜೆಯೊಳಗೆ ಸುದ್ದಿ ರೈಲುಹಳಿ ದಾಟಿತ್ತು.

ಮಾರನೆಯ ದಿನವೇ ಯಾರೋ ಬಂದು, ನಿಮ್ಮ ಭಾಮೈದನೂ ಅದನ್ನೇ ಹೇಳುತ್ತಾನೆ, ಸೇತುವೆಯ ಬಲಕ್ಕಂತೆ ಎಂದರು. ಯಜಮಾನನಿಗೆ ಮೈಯೆಲ್ಲ ಉರಿಯಿತು. ಹಕ್ಕಿ ಕದ್ದದ್ದು ಸಾಲದೆಂದು ಈಗ ಮಾತನ್ನೂ ಕದಿಯುತ್ತಾನೆ, ಗಿಳಿ. ಒಬ್ಬ ಈ ದಡದಲ್ಲಿ ಹಳ್ಳಕ್ಕೆ ಬೆನ್ನು ಹಾಕಿ ನಿಂತವನು, ಇನ್ನೊಬ್ಬ ಆ ದಡದಲ್ಲಿ ಹಳ್ಳಕ್ಕೆ ಮುಖ ಮಾಡಿ ಕೂತವನು. ಹೀಗೆ ಇಬ್ಬರೂ ಮುಖ ಮಾಡಿದ್ದದ್ದು ಒಂದೇ ದಿಕ್ಕಿಗಾದ್ದರಿಂದ ಇಬ್ಬರ ಬಲವೂ ಒಂದೇ ಆಗಿತ್ತು. ಅದನ್ನು ಕೂತು ಯೋಚಿಸುವಷ್ಟು ಪುರುಸೊತ್ತು ಬಡಾವಣೆಯಲ್ಲಿ ಯಾರಿಗೂ ಇರಲಿಲ್ಲ. ಕ್ಷೌರದಂಗಡಿಯ ಹಿಂದೆ ಹೋಗಿ ನಿಂತು ಬಲಕ್ಕೆ ಕಣ್ಣುಹಾಯಿಸಿದವರಿಗೆ ಬಿಲ ಕಾಣುತ್ತಿರಲಿಲ್ಲ. ಅವರು ತಮ್ಮ ಕನ್ನಡಕವನ್ನು ಬೈದುಕೊಂಡು ಟೈಲರ ಅಂಗಡಿಗೆ ಹೋಗಿ ಹಕ್ಕಿ ಗೂಡಿಗೆ ನುಗ್ಗುವುದನ್ನು ನೋಡಿಬರುತ್ತಿದ್ದರು. ಯಜಮಾನನಿಗೆ ಅದೂ ಒಂದು ಗಾಯ.

ಹೀಗಿರುವಾಗ ಗಾರೆ ಮೇಸ್ತ್ರಿ ಬಂದ. ಹಿಂದಿನ ಮಳೆಗೆ ಸೇತುವೆಯ ಎರಡೂ ಪಕ್ಕ ಆಚೆ ದಡ ಕೊರೆದುಹೋಗಿತ್ತು. ಅದಕ್ಕೆ ಕಲ್ಲಿನ ಕಟ್ಟೆ ಕಟ್ಟಲು ಅಪ್ಪಣೆಯಾಗಿತ್ತು. ಆದರೆ ಬಂದಿದ್ದ ಕಲ್ಲು ಒಂದು ಕಡೆಗೆ ಮಾತ್ರ ಸಾಲುವಂಥದ್ದು, ಇನ್ನೊಂದು ಕಡೆ ಮುಂದಿನ ವರ್ಷ. ಮೇಸ್ತ್ರಿಗೆ ಯಾವ ಕಡೆಯಾದರೂ ಒಂದೇ. ಗೂಡಿನ ವಿಷಯ ಕೇಳಿದ್ದರಿಂದ, ಪಾಪ, ಮರಿಗಳಿಗೆ ತೊಂದರೆಯಾಗದ ಕಡೆ ಹಾಕೋಣ ಎಂದು ಅವನೇ ಮನಸ್ಸು ಮಾಡಿದ್ದ. ಯಾರನ್ನು ಕೇಳಲಿ ಎಂದಾಗ ಜನ ಹಳ್ಳದ ಯಜಮಾನನನ್ನು ಕೇಳು ಎಂದರು. ಟೈಲರನ್ನು ಕೇಳು ಎನ್ನಲಿಲ್ಲ. ಈ ಒಂದು ಸಂಗತಿಯಿಂದ ಯಜಮಾನ ನಿಂತಲ್ಲೇ ಅರ್ಧ ಅಡಿ ಬೆಳೆದ.

ಮೇಸ್ತ್ರಿ ಬೀದಿಬಾಗಿಲಲ್ಲಿ ನಿಂತು, ಗೂಡು ಎಡಕ್ಕೋ ಬಲಕ್ಕೋ ಎಂದು ಕೇಳಿದ. ಆ ಹೊತ್ತು ಕುರ್ಚಿಯಲ್ಲಿ ಅಂಚೆಯವನಿದ್ದ, ಮುಖದ ತುಂಬ ನೊರೆ. ಯಜಮಾನ ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆಯುತ್ತ ತಡಮಾಡಿದ. ಅವನೊಳಗೆ ಒಂದು ಸಣ್ಣ ದೆವ್ವ ಎದ್ದು ಕೂತಿತ್ತು. ಗೂಡಿನ ಕಡೆಗೇ ಕಲ್ಲು ಹಾಕು ಎಂದುಬಿಟ್ಟರೆ? ಗೂಡು ಹೋದರೆ ಹಕ್ಕಿ ಆ ಸರಳು ಬಿಟ್ಟು ಹೋಗುತ್ತದೆ. ಮುಂದಿನ ಸಲ ಈ ದಡದಲ್ಲೇ ಬಿಲ ತೋಡಿದರೂ ತೋಡೀತು. ಭಾಮೈದನ ಕಿಟಕಿಯಲ್ಲಿ ಮತ್ತೆ ಬರೀ ಪ್ಯಾಂಟು ನೇತಾಡುತ್ತವೆ. ದೆವ್ವ ಚೆನ್ನಾಗಿಯೇ ವಾದ ಮಾಡಿತು. ಆದರೆ ಬಿಲದೊಳಗಿನ ಕತ್ತಲಲ್ಲಿ ಬಾಯಿ ತೆರೆದು ಕೂತ ಮರಿಗಳ ನೆನಪಾಗಿ, ಯಜಮಾನ ದೆವ್ವದ ಬಾಯಿಗೆ ನೊರೆ ಮೆತ್ತಿದ. "ಬಲಕ್ಕೆ ಕೈ ಹಾಕ್ಬೇಡಿ ಮೇಸ್ತ್ರಿ, ಅಲ್ಲಿ ಮರಿ ಇದಾವೆ. ಎಡಕ್ಕೆ ಕಟ್ಟಿ," ಎಂದ. ಹೇಳಿದ ಮೇಲೆ ತನ್ನ ಒಳ್ಳೆಯತನಕ್ಕೆ ತಾನೇ ಬೆರಗಾಗಿ, ಅಂಚೆಯವನಿಗೆ ಎರಡು ಸಲ ನೊರೆ ಹಚ್ಚಿದ. ಸಂಜೆ ಹೆಂಡತಿಗೂ ಹೇಳಿ, ನಿನ್ನ ತಮ್ಮನ ಹಕ್ಕಿಯನ್ನು ಉಳಿಸಿದವನು ಯಾರು ಗೊತ್ತಾ ಎಂದು ಎದೆಯುಬ್ಬಿಸಿದ.

ಕೆಲಸ ಶುರುವಾದ ಬೆಳಿಗ್ಗೆ ಭಾಮೈದ ಹೊಲಿದ ಸಮವಸ್ತ್ರಗಳ ಗಂಟು ಹೊತ್ತು ಶಾಲೆಗೆ ಹೋಗಿದ್ದ. ಅಂಚೆಯವನು ಮತ್ತೆ ಕುರ್ಚಿಯಲ್ಲಿದ್ದ. ಅವನಿಗೆ ಗಡ್ಡ ಬೇರೆಯವರಿಗಿಂತ ಬೇಗ ಬರುತ್ತಿತ್ತು, ಮನೆಮನೆ ಸುದ್ದಿ ತಿಂದು ಬೆಳೆಯುವ ಗಡ್ಡ. ಒಂದು ಕೆನ್ನೆ ಮುಗಿದಿತ್ತು. ಆಗ ಯಜಮಾನ ಕನ್ನಡಿಯಲ್ಲಿ ನೋಡುತ್ತಾನೆ: ಆಳುಗಳು ಸೇತುವೆ ದಾಟಿ ಕಲ್ಲು ಸುರಿಯುತ್ತಿದ್ದಾರೆ, ಬಲಕ್ಕೆ. ಮೇಲೆ ಎರಡು ನೀಲಿ ಹಕ್ಕಿಗಳು ಕೀಚಲು ದನಿಯಲ್ಲಿ ಕೂಗುತ್ತ ಸುತ್ತುತ್ತಿವೆ.

ಎಡಬಲ ತಿಳಿಯದ ಕತ್ತೆ ಎಂದು ಮೇಸ್ತ್ರಿಯನ್ನು ಬೈಯುತ್ತ, ಕತ್ತಿ ಹಿಡಿದುಕೊಂಡೇ ಅವನು ಪಕ್ಕದ ಓಣಿಯಿಂದ ಓಡಿದ. ಮುಕ್ಕಾಲು ಜೀವಮಾನದಲ್ಲಿ ಮೊದಲ ಸಲ ಹಳ್ಳದ ದಡ ತುಳಿದ. ಹಿಂದೆಯೇ ಅರ್ಧ ನೊರೆಯ ಅಂಚೆಯವನು, ಅವನ ಹಿಂದೆ ಗ್ಯಾರೇಜಿನವರು. ಕ್ಷೌರಿಕ ಕತ್ತಿ ಹಿಡಿದು ಓಡಿದರೆ ಯಾರು ತಾನೇ ಸುಮ್ಮನಿರುತ್ತಾರೆ?

"ಬಲಕ್ಕೆ ಹಾಕ್ಬೇಡ ಅಂದಿರ್ಲಿಲ್ವೇನಯ್ಯಾ?" ಎಂದು ಯಜಮಾನ ಏದುಸಿರು ಬಿಟ್ಟ.

ಈ ದಡದಲ್ಲಿ ನಿಂತಿದ್ದ ಮೇಸ್ತ್ರಿ ಹಳ್ಳದ ಕಡೆ ಮುಖ ಮಾಡಿ, ಕಲ್ಲು ಬೀಳುತ್ತಿದ್ದ ಕಡೆಗೆ ಕೈಯೆತ್ತಿದ. "ಇದು ಎಡಗೈ ಯಜಮಾನ್ರೇ. ಊಟ ಮಾಡೋದು ಇನ್ನೊಂದು ಕೈಯಲ್ಲಿ. ನೀವು ಎಡಕ್ಕೆ ಅಂದ್ರಿ, ಎಡಕ್ಕೆ ಹಾಕಿಸ್ದೆ. ಇವರು ಸಾಕ್ಷಿ." ಅಂಚೆಯವನು ನೊರೆಯೊಳಗಿನಿಂದ ಹೌದು ಎಂದ.

ಯಜಮಾನ ಕಲ್ಲು ನೋಡಿದ, ಕೈ ನೋಡಿಕೊಂಡ. ಆಮೇಲೆ ನಿಧಾನವಾಗಿ ಹಳ್ಳಕ್ಕೆ ಬೆನ್ನು ಮಾಡಿ, ತನ್ನ ಅಂಗಡಿಯ ಕಡೆ ತಿರುಗಿ, ಕತ್ತಿ ಹಿಡಿದ ಬಲಗೈ ಎತ್ತಿದ. ಗೂಡು ಆ ಕೈಯ ಕಡೆಗೇ ಇತ್ತು. ಮತ್ತೆ ಹಳ್ಳದ ಕಡೆ ತಿರುಗಿದ. ಗೂಡು ಆ ಕೈ ಬಿಟ್ಟು ಈ ಕೈಗೆ ಬಂತು. ಅವಮಾನಕ್ಕೆ ಮುಖ ತಿರುಗಿಸಿಕೊಳ್ಳುತ್ತಿದ್ದಾನೆ ಎಂದು ಜನ ಅಂದುಕೊಂಡರು. ಅವನ ತಲೆಯೊಳಗೆ ಮಾತ್ರ ಇಡೀ ಹಳ್ಳ ಮಗುಚಿಕೊಳ್ಳುತ್ತಿತ್ತು. ಆಮೆ ಟೈರಿನ ಸಮೇತ ಈ ಪಕ್ಕದಿಂದ ಆ ಪಕ್ಕಕ್ಕೆ ಹೋಯಿತು. ಬೆಳ್ಳಕ್ಕಿ ಜೇಡರ ಬಲೆಯನ್ನು ಎಳೆದುಕೊಂಡು ಆಚೆಗೆ ನಡೆಯಿತು. ಇಷ್ಟು ವರ್ಷ ಗಿರಾಕಿಗಳ ಗಂಟಲ ಮೇಲೆ ಕತ್ತಿಯಿಟ್ಟು ಹೇಳಿದ್ದೆಲ್ಲ ತಿರುಗುಮುರುಗು.

ಅಷ್ಟರಲ್ಲಿ ಭಾಮೈದ ಶಾಲೆಯಿಂದ ಬಂದ. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು. ಯಾರೋ ದಾರಿಯಲ್ಲೇ ಅವನಿಗೆ ಎಲ್ಲ ಹೇಳಿದ್ದರು. ಅವನು ಸೇತುವೆಯ ನಡುವೆ ನಿಂತ. ಯಾವತ್ತೂ ದನಿ ಎತ್ತದವನು, ಅವತ್ತೂ ಎತ್ತಲಿಲ್ಲ.

"ಭಾವ, ನನ್ನ ಕಂಡ್ರೆ ನಿಮಗೆ ಆಗಲ್ಲ ಅಂತ ಗೊತ್ತು. ನನ್ನನ್ನ ಬೈಯಿರಿ, ನನ್ನ ಅಂಗಡಿಗೆ ಬರೋರನ್ನ ತಡೀರಿ. ಮರಿ ಇರೋ ಗೂಡಿಗೆ ಕಲ್ಲು ಹಾಕಿಸೋದಾ?"

ಯಜಮಾನನ ಮುಂದೆ ಎರಡೇ ದಾರಿ. ನನಗೆ ತಿಳಿದಿರಲಿಲ್ಲ, ನಾನು ಇಷ್ಟು ದಿನ ಹಳ್ಳವನ್ನು ಕನ್ನಡಿಯಲ್ಲಿ ನೋಡಿದವನು ಎನ್ನಬೇಕು. ಇಲ್ಲವೇ ತಿಳಿದೇ ಮಾಡಿದೆ ಎನ್ನಬೇಕು. ಅವನು ಅಲ್ಲೇ ನಿಂತು ತೂಗಿ ನೋಡಿದ. ಹೊಟ್ಟೆಕಿಚ್ಚಿನವನು ಅನ್ನಿಸಿಕೊಂಡರೆ ಏನಾಯಿತು, ಬಡಾವಣೆಯ ಮುಕ್ಕಾಲು ಪಾಲು ಜನ ಅದೇ ಪಂಗಡ, ಒಂಟಿತನವೇನೂ ಕಾಡದು. ಆದರೆ ಎಡಬಲ ಗೊತ್ತಿಲ್ಲದ ಕ್ಷೌರಿಕನಿಗೆ ಯಾರು ಕೆನ್ನೆ ಒಡ್ಡುತ್ತಾರೆ? ಹಳ್ಳ ಗೊತ್ತಿಲ್ಲದ ಹಳ್ಳದ ಯಜಮಾನನನ್ನು ಯಾರು ಏನೆಂದು ಕರೆಯುತ್ತಾರೆ?

"ಹೂಂ," ಎಂದ. "ಬೇಕಂತಲೇ ಹೇಳ್ದೆ. ಹೊಟ್ಟೆಕಿಚ್ಚಿಗೇ ಹೇಳ್ದೆ. ಈಗ ಆ ಕಲ್ಲು ತೆಗೆಸಿ."

ಮೇಸ್ತ್ರಿ ಯಜಮಾನನನ್ನು ಮೇಲಿಂದ ಕೆಳಗೆ ನೋಡಿ, ಆಳುಗಳಿಗೆ ಸನ್ನೆ ಮಾಡಿದ. ಅವರು ಒಂದೊಂದೇ ಕಲ್ಲು ತೆಗೆದರು. ಯಜಮಾನ ತಾನೂ ನೀರಿಗಿಳಿದು, ಚಪ್ಪಲಿ ಕೆಸರಿನಲ್ಲಿ ಕಳೆದುಕೊಂಡು, ಅವರ ಜೊತೆ ಕಲ್ಲು ಎತ್ತಿದ. ಕಲ್ಲಿನ ರಾಶಿ ಬಿಲದ ಬಾಯಿಯವರೆಗೆ ಬಂದಿತ್ತು, ಬಿಲ ಮುಚ್ಚಿರಲಿಲ್ಲ. ಎಲ್ಲರೂ ದೂರ ಸರಿದು ನಿಂತರು. ಬಹಳ ಹೊತ್ತಿನ ಮೇಲೆ ಒಂದು ಹಕ್ಕಿ ಮೀನು ಕಚ್ಚಿಕೊಂಡು ಬಂದು, ಸರಳಿನ ಮೇಲೆ ಕೂತು ಅನುಮಾನದಿಂದ ಅತ್ತಿತ್ತ ನೋಡಿ, ಬಾಣದ ಹಾಗೆ ಬಿಲದೊಳಗೆ ಹೋಯಿತು. ಒಳಗಿನಿಂದ ಕಿರಕಿರ ಎಂದು ಹಸಿದ ಮರಿಗಳ ಗಲಾಟೆ ಕೇಳಿತು.

ಮರಿಗಳು ಬದುಕಿವೆ ಎಂದು ಗೊತ್ತಾದ ಮೇಲೆ ಜನರಿಗೆ ಕೋಪ ಮಾಡಿಕೊಳ್ಳಲು ಬಿಡುವಾಯಿತು. ಗ್ಯಾರೇಜಿನವನು ಥೂ ಎಂದ. ಅಂಚೆಯವನು, ಉಳಿದ ಅರ್ಧ ಗಡ್ಡವನ್ನು ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆ ಎಂದು ಹೊರಟ. ಯಜಮಾನ ಮೊಣಕಾಲವರೆಗಿನ ಕೆಸರಿನಲ್ಲಿ ತಲೆತಗ್ಗಿಸಿ ನಿಂತಿದ್ದ.

ಭಾಮೈದ ಮಾತ್ರ ಅವನನ್ನೇ ನೋಡುತ್ತಿದ್ದ. ಭಾವ ಸುಮ್ಮನಿರಲಾರದೆ ಮತ್ತೊಮ್ಮೆ ಅಂಗಡಿಯ ಕಡೆ ತಿರುಗಿ, ಬೆರಳಷ್ಟೇ ಎತ್ತಿ, ತಿರುಗಿ ಹಳ್ಳದ ಕಡೆ ನೋಡಿದ್ದನ್ನು ಅವನು ಕಂಡ. ಅಂಗಡಿಯ ಕಿಟಕಿಯಲ್ಲಿ ದೊಡ್ಡ ಕನ್ನಡಿ ಹೊಳೆಯುತ್ತಿದ್ದದ್ದನ್ನೂ ಕಂಡ. ಒಂದು ಗಳಿಗೆ ಅವನ ಹುಬ್ಬು ಗಂಟಿಕ್ಕಿತು. ಆಮೇಲೆ ಗಂಟು ಬಿಚ್ಚಿತು.

"ಅಂಚೆಯಣ್ಣ, ನಿಂತ್ಕೊಳ್ಳಿ," ಎಂದ. "ಭಾವ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ. ಇದು ನಂದು. ಮೇಸ್ತ್ರಿ ಕೇಳಿದ್ರೆ ಬಲಕ್ಕೆ ಮುಟ್ಟಬೇಡಿ ಅನ್ನಿ ಅಂತ ಭಾವಂಗೆ ಹೇಳಿಕೊಟ್ಟೋನು ನಾನು. ನನ್ನ ಮಿಷನ್ ಮುಂದೆ ಕೂತ್ರೆ ಅದು ಬಲ, ಈ ದಡದಿಂದ ಎಡ ಆಗತ್ತೆ ಅಂತ ನನಗೆ ಹೊಳೀಲಿಲ್ಲ. ಅವರು ನನ್ನ ಮಾತನ್ನ ಹಾಗೇ ಒಪ್ಪಿಸಿದಾರೆ. ನನಗೆ ಕೆಟ್ಟ ಹೆಸರು ಬರಬಾರದು ಅಂತ ಈಗ ಹೊಟ್ಟೆಕಿಚ್ಚು ಅಂತಿದಾರೆ."

ಜನ ಕರಗಿ ನೀರಾದರು. ಹಳ್ಳದ ಮಟ್ಟ ಸ್ವಲ್ಪ ಏರಿತು ಎಂದು ನೋಡಿದವರು ಹೇಳುತ್ತಾರೆ. ಭಾವ ಭಾಮೈದ ಅಂದರೆ ಹೀಗಿರಬೇಕು ಎಂದರು. ಮೇಸ್ತ್ರಿ ಎರಡೂ ದಡದಲ್ಲಿ ನಿಂತು ನೋಡಿ, ಹೌದಲ್ಲ, ಇಲ್ಲಿಂದ ಎಡ, ಅಲ್ಲಿಂದ ಬಲ ಎಂದು ದೊಡ್ಡ ವಿದ್ಯೆ ಕಲಿತವನಂತೆ ತಲೆದೂಗಿದ. ಅಂಚೆಯವನು ನಾಚಿಕೊಂಡು ಕ್ಷೌರದಂಗಡಿಯ ಕುರ್ಚಿಗೆ ವಾಪಸು ಹೋಗಿ ಕೂತ.

ಯಜಮಾನನ ಬಾಯಿ ತೆರೆದುಕೊಂಡಿತು. ಗೂಡನ್ನು ಮೊದಲು ಕಂಡವನು ನಾನು, ಇವನು ನನಗೆ ಹೇಳಿಕೊಡುವುದೇ ಎಂದು ಕೂಗಬೇಕೆನ್ನಿಸಿತು. ಬದುಕಿನಲ್ಲಿ ಆಡಿದ ಒಂದೇ ಒಂದು ನಿಜ ಅದು, ಅದನ್ನು ಕಣ್ಣೆದುರೇ ಭಾಮೈದ ತನ್ನ ಹೆಸರಿಗೆ ಹೊಲಿದುಕೊಂಡಿದ್ದ. ಕೂಗಿದರೆ ಕನ್ನಡಿ ಹೊರಗೆ ಬರುತ್ತದೆ. ಅವನು ಬಾಯಿ ಮುಚ್ಚಿದ.

ಗುಂಪು ಚದುರಿದ ಮೇಲೆ ಭಾಮೈದ ಕೈಕೊಟ್ಟು ಅವನನ್ನು ಕೆಸರಿನಿಂದ ಮೇಲಕ್ಕೆಳೆದ. ಯಾರಿಗೂ ಕೇಳದಂತೆ ಹೇಳಿದ: "ನಾವು ಬಟ್ಟೆಯ ಒಳಮೈ ಮೇಲೆ ಗೆರೆ ಎಳೀತೀವಿ ಭಾವ, ಮಗುಚಿದ್ರೆ ಎಡ ಬಲ ಆಗ್ಬಿಡತ್ತೆ. ಕಲಿಯೋವಾಗ ನಾನೊಂದು ಅಂಗಿಗೆ ಎರಡೂ ಎಡಗೈಯನ್ನೇ ಹೊಲಿದಿದ್ದೆ. ಅಕ್ಕಂಗೂ ಹೇಳಿಲ್ಲ ಅದನ್ನ."

ಯಜಮಾನ ಬರಿಗಾಲಲ್ಲಿ ಅಂಗಡಿಗೆ ಹೋಗಿ ಅಂಚೆಯವನ ಉಳಿದ ಕೆನ್ನೆ ಮುಗಿಸಿದ. ಅವತ್ತು ಕಥೆ ಹೇಳಲಿಲ್ಲ. ಅಂಚೆಯವನಿಗೆ ಅದೇ ಭಯವಾಗಿ, ಕತ್ತಿ ಗಂಟಲಿಗೆ ಬಂದಾಗ ಕಣ್ಣುಮುಚ್ಚಿಕೊಂಡ.

ಕಟ್ಟೆ ಸೇತುವೆಯ ಇನ್ನೊಂದು ಪಕ್ಕಕ್ಕೆ ಎದ್ದಿತು. ಕೆಲವು ದಿನದ ಮೇಲೆ ಮರಿಗಳು ಬಿಲದಿಂದ ಹೊರಬಂದವು. ಬಾಲ ಇನ್ನೂ ಮೊಂಡಾಗಿತ್ತು, ಬಣ್ಣ ಸ್ವಲ್ಪ ಮಾಸಲು. ಹಾರಲು ಬರುತ್ತದೋ ಇಲ್ಲವೋ ಎಂಬ ಅನುಮಾನದಲ್ಲೇ ಹಾರಿ, ಒಂದರ ಪಕ್ಕ ಒಂದು ಒತ್ತಿಕೊಂಡು ಕೂತವು. ಎಲ್ಲಿ ಎಂದು ಬೇರೆ ಹೇಳಬೇಕೆ? ಟೈಲರ ಸರಳಿನ ಮೇಲೆ. ನೋಡಲು ಬಡಾವಣೆ ಸೇತುವೆಯ ಮೇಲೆ ನೆರೆಯಿತು. ನೆರೆದವರು ಭಾವಭಾಮೈದರ ಪ್ರೀತಿಯ ಕಥೆಯನ್ನು ಹೊಸಬರಿಗೆ ಹೇಳಿದರು, ಹೇಳುತ್ತ ಹೇಳುತ್ತ ಬೆಳೆಸಿದರು. ಭಾಮೈದ ನೀರಿಗೆ ಹಾರಿ ಕಲ್ಲು ತಡೆದನಂತೆ, ಭಾವ ಅವನನ್ನು ಅಪ್ಪಿಕೊಂಡನಂತೆ. ಕಥೆ ಕೇಳಿದವರು ಕೊನೆಯಲ್ಲಿ ಟೈಲರೇ ದೊಡ್ಡ ಮನುಷ್ಯ ಬಿಡಿ ಎನ್ನುತ್ತಿದ್ದರು.

ಆ ರಾತ್ರಿ ಯಜಮಾನ ತಟ್ಟೆಯಲ್ಲಿ ಅನ್ನವನ್ನು ಬೆರಳಲ್ಲಿ ಆಡಿಸುತ್ತ ಕೂತಿದ್ದ. ಹೆಂಡತಿಗೆ ಅಷ್ಟರಲ್ಲಿ ನಿಜ ಗೊತ್ತಾಗಿತ್ತು. ಗಂಡನ ಎಡಬಲದ ಕಥೆ ಅವಳಿಗೆ ಮದುವೆಯಾದ ವರ್ಷದಿಂದಲೇ ಗೊತ್ತಿತ್ತು ಎಂದರೂ ಆದೀತು. ಹುಳಿ ಬಡಿಸುತ್ತ ಕೇಳಿದಳು:

"ನಿಮ್ಮ ಮಾನ ಉಳಿಸಿದಾನೆ. ಇನ್ನೂ ಅವನ ಮೇಲೆ ಉರೀತಿದ್ದೀರಲ್ಲ, ಮಾನ ಉಳಿಸಿದ್ದಕ್ಕಾ?"

"ಮಾನ ಉಳಿಸಿದ್ದಕ್ಕಲ್ಲ ಕಣೇ," ಎಂದ ಯಜಮಾನ. "ಅಷ್ಟು ಜನದ ಮುಂದೆ, ಕೈಯಲ್ಲಿ ಕತ್ತಿ ಕೂಡ ಇಲ್ದೆ, ನನಗಿಂತ ಚೆನ್ನಾಗಿ ಸುಳ್ಳು ಹೇಳಿದ್ದಕ್ಕೆ."